ಕಪ್ಪು ಬಣ್ಣದ ಬಾಗಿಲು

ಕಾದಂಬರಿಯೊಂದು ತೆರೆಗೆ ಬಂದಾಗ ಅದು ಮೂಲಕ್ಕೆ ನಿಷ್ಠವಾಗಿದೆಯೇ ಎಂದು ಕೇಳುವುದು ನಮ್ಮ ವಾಡಿಕೆ. ಇಂಗ್ಲಿಷ್ ಲೇಖಕಿ ಡಯಾನಾ ವಿನ್ ಜೋನ್ಸ್ ಅವರ 'ಹೌಲ್ಸ್ ಮೂವಿಂಗ್ ಕ್ಯಾಸಲ್' (1986) ಕಾದಂಬರಿಯನ್ನು ಮೆಚ್ಚಿದ್ದ ನಾನು, ಜಪಾನಿನ ಹಯಾಓ ಮಿಯಾಜಾಕಿ 2004ರಲ್ಲಿ ಅದರಿಂದ ರೂಪಿಸಿದ ಅನಿಮೇಷನ್ ಚಿತ್ರವನ್ನು ಮೊದಲು ನೋಡಿದಾಗ ಅದೇ ಪ್ರಶ್ನೆಯನ್ನು ಕೇಳಿ ಮುನಿದಿದ್ದೆ.

ಟೋಪಿ ಅಂಗಡಿಯ ಸೋಫಿ ಎಂಬ ತರುಣಿ ಮಾಟಗಾತಿಯ ಶಾಪದಿಂದ ಮುದುಕಿಯಾಗಿ, ಹೌಲ್ ಎಂಬ ಮಾಂತ್ರಿಕನ ಅಲೆದಾಡುವ ಕೋಟೆಯನ್ನು ಸೇರುತ್ತಾಳೆ. ಇಷ್ಟು ಎರಡರಲ್ಲೂ ಒಂದೇ. ಆ ಕೋಟೆಯ ಬಾಗಿಲಿಗೆ ನಾಲ್ಕು ಬಣ್ಣಗಳ ಗುಂಡಿಯೊಂದಿದೆ. ಅದನ್ನು ತಿರುಗಿಸಿದಂತೆ ಬಾಗಿಲು ಬೇರೆ ಬೇರೆ ಕಡೆಗೆ ತೆರೆಯುತ್ತದೆ. ಕಾದಂಬರಿಯಲ್ಲಿ ಕಪ್ಪು ಬಣ್ಣದ ಆಚೆಗಿರುವುದು ನಮ್ಮ ಕಾಲದ ವೇಲ್ಸ್: ಹೌಲನ ಅಕ್ಕನ ಮನೆ, ಟೆಲಿವಿಷನ್, ಅಕ್ಕನ ಬೈಗುಳ. ಚಿತ್ರದಲ್ಲಿ ಅದೇ ಕಪ್ಪಿನ ಆಚೆಗೆ ಕತ್ತಲು, ಬಾಂಬು ಸುರಿಸುವ ವಿಮಾನಗಳು, ಉರಿಯುವ ನೆಲ. ಹಕ್ಕಿಯಾಗಿ ಅಲ್ಲಿಗೆ ಹಾರಿದ ಹೌಲ್ ಗಾಯಗೊಂಡು ಮರಳುತ್ತಾನೆ. ಮತ್ತೆ ಮನುಷ್ಯನಾಗುವುದು ಅವನಿಗೆ ಸಲಸಲಕ್ಕೂ ಕಷ್ಟವಾಗುತ್ತದೆ. ಕಾದಂಬರಿಯಲ್ಲಿ ಯುದ್ಧದ ಸುದ್ದಿಯಷ್ಟೇ ಇದೆ.

ಈ ವ್ಯತ್ಯಾಸದ ಬೇರು ಎರಡು ಬಾಲ್ಯಗಳಲ್ಲಿದೆ. 1934ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಜೋನ್ಸ್ ಅವರನ್ನು 1939ರಲ್ಲಿ, ಯುದ್ಧ ಶುರುವಾದಾಗ, ಸುರಕ್ಷತೆಗಾಗಿ ತಂದೆಯ ನಾಡಾದ ವೇಲ್ಸಿಗೆ ಕಳುಹಿಸಲಾಯಿತು. 1941ರಲ್ಲಿ ಹುಟ್ಟಿದ ಮಿಯಾಜಾಕಿಯವರ ಮನೆತನದ ಕಾರ್ಖಾನೆಯಲ್ಲಿ ಯುದ್ಧವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿದ್ದವು. 1945ರ ಜುಲೈಯಲ್ಲಿ ಉತ್ಸುನೊಮಿಯಾ ನಗರ ಬಾಂಬಿಗೆ ಉರಿದಾಗ ಆ ಸಂಸಾರ ಟ್ರಕ್ಕಿನಲ್ಲಿ ಪಾರಾಯಿತು. ಮಗುವನ್ನೆತ್ತಿಕೊಂಡು ಬಂದು ಆಸರೆ ಬೇಡಿದವರನ್ನು ಹತ್ತಿಸಿಕೊಳ್ಳದೆ ಟ್ರಕ್ಕು ಮುಂದೆ ಹೋಯಿತೆಂಬುದು ನಾಲ್ಕರ ಆ ಹುಡುಗ ಮರೆಯಲಾರದ ನೆನಪು. 2003ರ ಇರಾಕ್ ಯುದ್ಧವೂ ಚಿತ್ರದ ಮೇಲೆ ಪ್ರಭಾವ ಬೀರಿತೆಂದು ಅವರು ಹೇಳಿದ್ದಾರೆ.

ತಾವಿಬ್ಬರೂ ಯುದ್ಧಕಾಲದ ಮಕ್ಕಳೆಂದೂ ಅದಕ್ಕೆ ಸ್ಪಂದಿಸಿದ ಬಗೆ ಮಾತ್ರ ತದ್ವಿರುದ್ಧವೆಂದೂ ಸ್ವತಃ ಜೋನ್ಸ್ ಗುರುತಿಸಿದ್ದರು. ಯುದ್ಧದ ಘೋರತೆ ಎಲ್ಲರೂ ಬಲ್ಲದ್ದಾದ್ದರಿಂದ ತಾವು ಅದನ್ನು ಕಥೆಯ ಹೊರಗಿಡುವುದಾಗಿ ಅವರು ಹೇಳಿದ್ದರು. ಹಾಗೆ ನೋಡಿದರೆ, ಆಕೆಯ ಬಾಗಿಲು ವೇಲ್ಸಿಗೆ ತೆರೆಯುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಎಳೆಯ ವಯಸ್ಸಿನಲ್ಲಿ ಬಾಂಬಿನಿಂದ ದೂರವಿರಲೆಂದು ತನ್ನನ್ನು ಒಯ್ದ ನಾಡದು.

ಚಿತ್ರದಲ್ಲಿ ನಷ್ಟಗಳಿಲ್ಲವೆಂದಲ್ಲ. ಮೂಲದ ಸೋಫಿ ಟೋಪಿಗಳೊಡನೆ, ಊರುಗೋಲಿನೊಡನೆ ಮಾತನಾಡುತ್ತಲೇ ಅವುಗಳಿಗೆ ಜೀವ ತುಂಬುತ್ತಾಳೆ. ಮಾತಿನ ಆ ಶಕ್ತಿ ತೆರೆಯ ಮೇಲೆ ಬಹುಮಟ್ಟಿಗೆ ಮಾಯವಾಗಿದೆ. ಭಾಷೆಯನ್ನು ಕಲಿಸಿ ಬಾಳಿದ ನನಗೆ ಅದು ಸಣ್ಣ ನಷ್ಟವಲ್ಲ. ಆದರೂ ಇಂದು ನನಗೆ ಮುನಿಸಿಲ್ಲ. ಲೇಖಕಿ ಮಗುವಾಗಿದ್ದಾಗ ಹೊಕ್ಕ ಬಾಗಿಲು ಮನೆಯೊಂದಕ್ಕೆ ತೆರೆಯಿತು. ನಿರ್ದೇಶಕರಿಗೆ ಅಂಥ ಬಾಗಿಲು ಸಿಕ್ಕಿರಲಿಲ್ಲ. ತಾವು ಕಂಡ ಬೆಂಕಿಯನ್ನು ಅವರು ಮರೆಮಾಡಲಿಲ್ಲ.