ಡಿಸ್ಕ್ ತೆರೆಯಿತು, ಅಕ್ಷರ ತೆರೆಯಲಿಲ್ಲ

ಬೊಮ್ಮಸಂದ್ರದ ಬಾಡಿಗೆ ಮನೆಯೊಂದನ್ನು ಊಹಿಸಿಕೊಳ್ಳಿ. ಮೂವರು ಗೆಳೆಯರು: ಒಬ್ಬನದು ಕಂಪನಿ ಕೊಟ್ಟ ವಿಂಡೋಸ್, ಇನ್ನೊಬ್ಬನದು ಮ್ಯಾಕ್, ಮತ್ತೊಬ್ಬನದು ಲಿನಕ್ಸ್. ಬ್ಯಾಕಪ್‌ಗೆ ಇರುವುದು ಒಂದೇ ಹಾರ್ಡ್ ಡಿಸ್ಕ್. ವಿಂಡೋಸ್‌ನಲ್ಲಿ ತುಂಬಿಸಿದ್ದನ್ನು ಮ್ಯಾಕ್‌ಗೆ ಸಿಕ್ಕಿಸಿದರೆ ಫೈಲುಗಳು ಕಾಣುತ್ತವೆ; ಹೊಸದನ್ನು ಸೇರಿಸಲು ಮಾತ್ರ ಬಿಡುವುದಿಲ್ಲ. ಈ ಕಿರಿಕಿರಿಗೆ ಹಳೆಯ ಇತಿಹಾಸವಿದೆ.

ಯಾವ ಫೈಲ್ ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ಬರೆದಿಡುವ ಖಾತೆಪುಸ್ತಕವೇ ಫೈಲ್ ಸಿಸ್ಟಂ. 1977ರಲ್ಲಿ ಮೈಕ್ರೋಸಾಫ್ಟ್ ಫ್ಲಾಪಿಗಳಿಗಾಗಿ ‘ಫ್ಯಾಟ್’ ರೂಪಿಸಿತು. ಅದರ 1996ರ ರೂಪವಾದ ಫ್ಯಾಟ್32 ಎಲ್ಲ ಕಡೆಯೂ ನಡೆಯುತ್ತದೆ, ಆದರೆ 4 ಜಿಬಿ ಮೀರಿದ ಫೈಲನ್ನು ಹಿಡಿಸಿಕೊಳ್ಳದು. 1993ರಲ್ಲಿ ಬಂದ ಎನ್‌ಟಿಎಫ್‌ಎಸ್‌ಗೆ ಈ ಮಿತಿ ಇಲ್ಲ. ಅದನ್ನು ಮ್ಯಾಕ್ ಓದುತ್ತದೆ, ತಾನಾಗಿ ಬರೆಯದು. 2006ರ ಎಕ್ಸ್‌ಫ್ಯಾಟ್ ಇವೆರಡರ ನಡುವಿನ ರಾಜಿ. ಆಪಲ್ 2010ರಲ್ಲಿ ಅದನ್ನು ಒಪ್ಪಿಕೊಂಡಿತು. ಲಿನಕ್ಸ್‌ಗೆ ಪೇಟೆಂಟ್ ಅಡ್ಡವಾಗಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಪ್ರಕಟಿಸಿದ ಮೇಲೆ ಆ ಬಾಗಿಲೂ ತೆರೆಯಿತು.

ಕನ್ನಡಿಗರಿಗೆ ಇಷ್ಟಕ್ಕೇ ತೊಂದರೆ ಮುಗಿಯಲಿಲ್ಲ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತಾದರೂ ಮನೆಯ ಗಣಕಗಳಿಗೆ ಅದನ್ನು ತೋರಿಸಲು ಬರುತ್ತಿರಲಿಲ್ಲ. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಆ ಕೊರತೆಯನ್ನು ತುಂಬಿದವು. ಅವುಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಒತ್ತು, ಗುಣಿತ, ತಲೆಕಟ್ಟುಗಳನ್ನು ಕೂರಿಸಲಾಗಿತ್ತು. ಕಚೇರಿ, ಮುದ್ರಣಾಲಯ, ಪತ್ರಿಕೆಗಳ ಕೆಲಸ ಸಾಗಿದ್ದು ಇದರಿಂದಲೇ. ಆದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಬರಹ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗ’ ಫಾಂಟಿನೊಡನೆ ಯೂನಿಕೋಡ್ ಕನ್ನಡ ತಂದಿತು. ಹಳೆಯ ಕಡತಗಳು ಮಾತ್ರ ಹಾಗೆಯೇ ಉಳಿದವು.

ಹೀಗಾಗಿ ಅಜ್ಜನ ಆತ್ಮಕಥೆಯೋ ಅಮ್ಮನ ಕಥೆಗಳೋ ಡಿಸ್ಕಿನಲ್ಲಿ ಭದ್ರವಾಗಿದ್ದೂ ಓದಲಾಗದೆ ಕಳೆದುಹೋಗಬಹುದು. ಮೂವರ ಮನೆಗೆ ಎಕ್ಸ್‌ಫ್ಯಾಟ್ ಸಾಕು. ಆದರೆ ಫಾರ್ಮ್ಯಾಟ್ ಮಾಡಿದರೆ ಇದ್ದದ್ದೆಲ್ಲ ಅಳಿಯುತ್ತದೆ. ಮೊದಲು ಬೇರೆಡೆ ನಕಲು ಮಾಡಿಕೊಳ್ಳಬೇಕು. ಅದರ ಖಾತೆಪುಸ್ತಕ ಸೂಕ್ಷ್ಮ. ಎಜೆಕ್ಟ್ ಮಾಡದೆ ಕೀಳಬಾರದು. ಬಳಿಕ ಹಳೆಯ ನುಡಿ, ಬರಹ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ, ಮೂಲವನ್ನೂ ಪಕ್ಕದಲ್ಲೇ ಇಡಬೇಕು. ಬರೆದವರು ಎದುರಿಗಿರುವಾಗಲೇ ಈ ಕೆಲಸ ಮಾಡಿದರೆ ತಪ್ಪಿದ ಪದವನ್ನು ಅವರನ್ನೇ ಕೇಳಬಹುದು.