ಮುಳುಗಿದ್ದು ಚರ್ಚಲ್ಲ

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚಿನ ಫೋಟೊ ನೋಡದೇ ಇರೋ ಬೆಂಗಳೂರಿನವರು ಕಡಿಮೆ. ಸುತ್ತ ಹೇಮಾವತಿ ಹಿನ್ನೀರು, ನಡುವೆ ಸೂರಿಲ್ಲದ ಚೂಪು ಕಮಾನುಗಳು, ಅವುಗಳ ಮುಂದೆ ಪ್ರಿ-ವೆಡ್ಡಿಂಗ್ ಶೂಟಿಗೆ ನಿಂತ ಒಂದು ಜೋಡಿ. ಮಳೆಗಾಲದಲ್ಲಿ ಹೋದರೆ ಅರ್ಧ ಮುಳುಗಿರುತ್ತೆ, ಬೇಸಿಗೆಯಲ್ಲಿ ಹೋದರೆ ಬಾಗಿಲವರೆಗೂ ನಡೆದುಕೊಂಡೇ ಹೋಗಬಹುದು. ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಶನಿವಾರ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬಂದುಬಿಡೋ ದೂರ.

ನಾನು ಹೋಗಿದ್ದು ಏಪ್ರಿಲ್‌ನಲ್ಲಿ. ನೀರು ಹಿಂದೆ ಸರಿದು, ಕೆರೆಯಂಗಳದಲ್ಲಿ ಎಳೆ ಹುಲ್ಲು ಚಿಗುರಿ, ದನ ಮೇಯುತ್ತಿದ್ದವು. ಎಲ್ಲರ ಹಾಗೆ ನಾನೂ ಮೊದಲು ಕಮಾನುಗಳನ್ನೇ ನೋಡಿದೆ.

ಆ ಚೂಪು ಕಮಾನಿಗೆ ಒಂದು ಕಾರಣ ಇದೆ. ಅರ್ಧವೃತ್ತದ ಕಮಾನು ತನ್ನ ಮೇಲಿನ ಭಾರವನ್ನು ಹೆಚ್ಚಾಗಿ ಪಕ್ಕಕ್ಕೆ ತಳ್ಳುತ್ತೆ, ಅದನ್ನು ತಡೆಯೋಕೆ ಗೋಡೆ ದಪ್ಪ ಇರಬೇಕು. ತುದಿ ಚೂಪಾದರೆ ಭಾರ ಹೆಚ್ಚು ನೇರವಾಗಿ ಕೆಳಗೆ ಇಳಿಯುತ್ತೆ. ಗೋಡೆ ತೆಳ್ಳಗಾಗಬಹುದು, ಕಿಟಕಿ ಎತ್ತರ ಆಗಬಹುದು, ಒಳಗೆ ಬೆಳಕು ಬರುತ್ತೆ. ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ನಲ್ಲಿ 1140ರ ದಶಕದಲ್ಲಿ ರೂಪ ತಳೆದ ಈ ಗಾಥಿಕ್ ಶೈಲಿ ಮಧ್ಯೆ ಕೆಲವು ಶತಮಾನ ಹಿಂದೆ ಸರಿದಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಫ್ಯಾಷನ್ ಆಯ್ತು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ದೊಡ್ಡ ದುರಸ್ತಿ ಮುಗಿದಿದ್ದು 1864ರಲ್ಲಿ. ಹೆಚ್ಚುಕಮ್ಮಿ ಅದೇ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿ ದಂಡೆಯ ಈ ಹಳ್ಳಿಯಲ್ಲಿ ರೋಸರಿ ಚರ್ಚ್ ಕಟ್ಟಿಸಿದರು. ಊರಲ್ಲಿ ಫ್ಯಾಷನ್ ಲೇಟಾಗಿ ಬರುತ್ತೆ ಅಂತೀವಲ್ಲ, ಇಲ್ಲಿ ಹಾಗಾಗಿಲ್ಲ.

ನಕ್ಷೆ ಫ್ರಾನ್ಸಿನದು, ಮೈ ಮಾತ್ರ ಇಲ್ಲಿನದು: ಇಟ್ಟಿಗೆ ಮತ್ತು ಗಾರೆ. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನ ಜೊತೆ ಗಾಣದಲ್ಲಿ ಅರೆಯಬೇಕು. ದುಂಡನೆ ಕಾಲುವೆಯಲ್ಲಿ ಕಲ್ಲಿನ ಚಕ್ರ, ಅದನ್ನೆಳೆಯೋಕೆ ಎತ್ತು. ಗಟ್ಟಿ ಬರಲಿ ಅಂತ ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸೋದು ದಕ್ಷಿಣದ ಮೇಸ್ತ್ರಿಗಳ ಹಳೇ ಪದ್ಧತಿ. ಶೆಟ್ಟಿಹಳ್ಳಿಯ ಗಾರೆಗೆ ಮೊಟ್ಟೆಯನ್ನೂ ಹಾಕಿದ್ದರು ಅನ್ನೋ ಮಾತು ಹಾಸನದ ಕಡೆ ಚಾಲ್ತಿಯಲ್ಲಿದೆ. ಸಿಮೆಂಟು ಒಂದೇ ದಿನದಲ್ಲಿ ಬಿಗಿಯುತ್ತೆ. ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ವರ್ಷಗಟ್ಟಲೆ ನಿಧಾನಕ್ಕೆ ಗಟ್ಟಿಯಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮುಳುಗಿ ಎದ್ದು ಮಾಡಿದರೂ ಗೋಡೆ ಇನ್ನೂ ನಿಂತಿದೆ ಅಂದರೆ ಈ ನಿಧಾನಕ್ಕೂ ಅದರಲ್ಲಿ ಪಾಲಿದೆ.

ಅಷ್ಟು ದೊಡ್ಡ ಚರ್ಚು ಈ ಹಳ್ಳಿಗೆ ಯಾಕೆ ಬೇಕಾಯ್ತು? ಅದಕ್ಕೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. 1648ರ ಸುಮಾರಿಗೆ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರು ಮಾಡಿದರು. ಈ ಮಿಷನ್ನಿನ ಪಾದ್ರಿಗಳು ಕಾವಿ ಉಟ್ಟು, ಮಾಂಸ ಬಿಟ್ಟು, ಕನ್ನಡ ಕಲಿತು ಸನ್ಯಾಸಿಗಳ ಥರ ಓಡಾಡಿದರು. ಅವರ ಇನ್ನೊಂದು ಮುಖ್ಯ ಠಾಣೆ ಸತ್ಯಮಂಗಲ. ನಮ್ಮೂರು ಪುಣಜನೂರು, ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗೋ ರಸ್ತೆಯಲ್ಲಿ ಕರ್ನಾಟಕದ ಕೊನೆಯ ಚೆಕ್‌ಪೋಸ್ಟ್ ಇರೋ ಊರು. ಈಗ ನಮಗೆ ಸತ್ಯಮಂಗಲ ಅಂದರೆ ಘಾಟಿ ಇಳಿದ ಮೇಲೆ ಸಿಗೋ ಪಕ್ಕದ ರಾಜ್ಯ. ಆಗ ಘಾಟಿಯ ಮೇಲೂ ಕೆಳಗೂ ಒಂದೇ ಮೈಸೂರು.

1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದರು. ಅವರ ಜಾಗಕ್ಕೆ ಪಾಂಡಿಚೇರಿಯ ಫ್ರೆಂಚ್ ಪಾದ್ರಿಗಳು ಬಂದರು. ಟಿಪ್ಪು ಸುಲ್ತಾನ್ ಸತ್ತ 1799ರ ನಂತರ ಮೈಸೂರಿಗೆ ಬಂದ ಅಬ್ಬೆ ದುಬೊಯ್ ಅವರಲ್ಲಿ ಒಬ್ಬರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಅಂತ ಕರೆದರು. ಇಲ್ಲಿನವರ ಹಾಗೇ ಉಟ್ಟು ಉಂಡು ಬದುಕಿದ ಮನುಷ್ಯ. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದ 1803-04ರಲ್ಲಿ 25,432 ಜನಕ್ಕೆ ಅದನ್ನು ಹಾಕಿಸಿದ ಲೆಕ್ಕ ಅವರ ಹೆಸರಲ್ಲಿದೆ. ಹಾಸನ ಸೀಮೆಯ ಸಾತಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳನ್ನು ನೆಲೆಗೊಳಿಸಿ, ಬೇಸಾಯಕ್ಕೆ ಹಚ್ಚಿದವರೂ ಅವರೇ. ಈ ಭಾಗದ ಹೊಲಗಳ ನಡುವೆ ಕ್ರೈಸ್ತ ಹಳ್ಳಿಗಳು ಬೆಳೆದಿದ್ದರ ಹಿಂದೆ ಈ ಕಥೆ ಇದೆ.

ಮಜಾ ಏನು ಅಂದರೆ, ದುಬೊಯ್ 1823ರಲ್ಲಿ ಭಾರತ ಬಿಟ್ಟು ಹೋಗುವಾಗ ಅವರಿಗೆ ಈ ಕೆಲಸದಲ್ಲಿ ನಂಬಿಕೆಯೇ ಉಳಿದಿರಲಿಲ್ಲ. ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರೂರುವ ಕಾಲ ಮುಗಿದಿದೆ ಅನ್ನೋ ಅರ್ಥದಲ್ಲಿ ಅದೇ ವರ್ಷ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದರು. ಅದಾಗಿ ನಲವತ್ತು ವರ್ಷಕ್ಕೆ ಇಲ್ಲಿ ಈ ಕಮಾನುಗಳು ಎದ್ದವು. ಬಿತ್ತಿದವನು ಬೆಳೆ ಬರಲ್ಲ ಅಂತ ಊರು ಬಿಟ್ಟ ಮೇಲೆ ಬಂದ ಫಸಲು ಇದು.

ಹಾಗೆ ಎದ್ದ ಚರ್ಚಿನೊಳಗೆ ನೂರು ವರ್ಷ ಪೂಜೆ ನಡೆದಿದ್ದು ಲ್ಯಾಟಿನ್‌ನಲ್ಲಿ. ಜನರ ಭಾಷೆಯಲ್ಲಿ ಪೂಜೆ ಮಾಡಬಹುದು ಅಂತ ಎರಡನೇ ವ್ಯಾಟಿಕನ್ ಮಹಾಸಭೆ ಒಪ್ಪಿದ್ದು 1963ರ ಡಿಸೆಂಬರ್‌ನಲ್ಲಿ. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಲೆಕ್ಕ ಹಾಕಿ ನೋಡಿ, ಈ ಗೋಡೆಗಳಿಗೆ ಕನ್ನಡದ ಪೂಜೆ ಕೇಳೋಕೆ ಸಿಕ್ಕಿದ್ದು ಹೆಚ್ಚೆಂದರೆ ಹದಿನೈದು ವರ್ಷ.

ಅಣೆಕಟ್ಟಿನ ಎತ್ತರ 58.5 ಮೀಟರ್, ಹಿಡಿಯೋ ನೀರು 37 ಟಿಎಂಸಿ ಚಿಲ್ಲರೆ. ಆ ನೀರಿಂದ ಹಾಸನ, ಮಂಡ್ಯ, ತುಮಕೂರಿನ ಹೊಲಗಳು ಹಸಿರಾದವು, ಅದನ್ನು ಯಾರೂ ಅಲ್ಲಗಳೆಯಲ್ಲ. ಆದರೆ ಹಿನ್ನೀರಿನ ಹಳ್ಳಿಗಳು ಜಾಗ ಖಾಲಿ ಮಾಡಬೇಕಾಯ್ತು. ಅಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು "ಯಜಮಾನ್ರೆ, ಊರು ಎಲ್ಲಿತ್ತು?" ಅಂತ ಕೇಳಿದೆ. ಕೋಲಿನಿಂದ ನನ್ನ ಕಾಲ ಕೆಳಗಿನ ನೆಲ ತೋರಿಸಿದರು. "ಇದೇ ಊರು ಸಾ. ನೀವು ನಿಂತಿದ್ದೀರಲ್ಲ, ಇದೇ."

ನೆಲ ನೋಡಿದೆ. ಹುಲ್ಲು, ಒಡೆದ ಹೆಂಚಿನ ಚೂರು. ಅಷ್ಟೇ.

ಚರ್ಚು ಉಳಿದು ಊರು ಯಾಕೆ ಅಳಿಯಿತು ಅನ್ನೋದಕ್ಕೆ ಉತ್ತರ ಅದೇ ಗಾರೆಯಲ್ಲಿದೆ. ಮಣ್ಣಿನ ಗೋಡೆಗೆ ಒಂದು ಮಳೆಗಾಲದ ನೀರು ಸಾಕು, ಕರಗಿಹೋಗುತ್ತೆ. ಊರು ಬಿಡೋ ರೈತ ತೊಲೆ, ಬಾಗಿಲುವಾಡ, ಹೆಂಚು ಬಿಟ್ಟು ಹೋಗಲ್ಲ. ಹೊಸ ಜಾಗದಲ್ಲಿ ಮನೆ ಎಬ್ಬಿಸೋಕೆ ಅವನ ಬಂಡವಾಳ ಅಷ್ಟೇ. ಇಟ್ಟಿಗೆ ಗಾರೆಯ ಗೋಡೆಯನ್ನು ಗಾಡಿಗೆ ಹೇರೋಕಾಗಲ್ಲ, ಅದು ನಿಂತಲ್ಲೇ ನಿಂತಿತು. ಹಾಗಾಗಿ ನಾವು ಇದನ್ನು 'ಮುಳುಗಿದ ಚರ್ಚು' ಅಂತೀವಿ. ನಿಜ ನೋಡಿದರೆ ನಮ್ಮ ಕಣ್ಣಿಗೆ ಬೀಳ್ತಿರೋದು ಮುಳುಗದೇ ಉಳಿದ ಒಂದೇ ಒಂದು ಕಟ್ಟಡ.

ಇದು ಶೆಟ್ಟಿಹಳ್ಳಿಗೆ ಮಾತ್ರ ಅನ್ವಯಿಸೋ ಮಾತಲ್ಲ. ಕಲ್ಲು, ಇಟ್ಟಿಗೆಯಲ್ಲಿ ಕಟ್ಟಿದ್ದಕ್ಕೆ ಇತಿಹಾಸ ಅನ್ನೋ ಹೆಸರು ಸಿಗುತ್ತೆ. ಮಣ್ಣು, ಬಿದಿರಿನಲ್ಲಿ ಕಟ್ಟಿದ್ದಕ್ಕೆ ಫೋಟೊ ಕೂಡ ಸಿಗಲ್ಲ. ನಮ್ಮ ಪುಣಜನೂರಿನ ಪಕ್ಕ ಬಿಳಿಗಿರಿರಂಗನ ಬೆಟ್ಟದ ಕಾಡಿದೆ. 1974ರಲ್ಲಿ ಅದು ಅಭಯಾರಣ್ಯ ಆದ ಮೇಲೆ ಎಷ್ಟೋ ಸೋಲಿಗರ ಪೋಡುಗಳನ್ನು ಕಾಡಿನೊಳಗಿಂದ ಎತ್ತಿ ಹೊರಗೆ ಕೂರಿಸಿದರು. ಬಿದಿರ ತಡಿಕೆಯ ಆ ಹಳೇ ಪೋಡುಗಳಿದ್ದ ಜಾಗದಲ್ಲಿ ಈಗ ಲಂಟಾನ ಪೊದೆ. ಅಲ್ಲಿ ಯಾರೂ ಪ್ರಿ-ವೆಡ್ಡಿಂಗ್ ಶೂಟ್ ಮಾಡಲ್ಲ. ಆದರೆ ಸೋಲಿಗರು ಸುಮ್ಮನೆ ಕೂರಲಿಲ್ಲ. ಸಂಶೋಧಕರ ಜೊತೆ ಜಿಪಿಎಸ್ ಹಿಡಿದು ಕಾಡೆಲ್ಲಾ ನಡೆದು ತಮ್ಮ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿಗಳಿರೋ ನೂರಾರು ಜಾಗಗಳನ್ನು ನಕ್ಷೆಗೆ ಏರಿಸಿದರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಗೋಡೆ ಇಲ್ಲದಿದ್ದರೂ ಊರಿನ ನೆನಪನ್ನು ದಾಖಲೆ ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಶೆಟ್ಟಿಹಳ್ಳಿಗೂ ಅಂಥದ್ದೊಂದು ನಕ್ಷೆ ಆಗಬೇಕು, ಅದೂ ಬೇಗ. ಕೇರಿ ಎಲ್ಲಿತ್ತು, ಬಾವಿ ಎಲ್ಲಿತ್ತು, ಹಬ್ಬದ ತೇರು ಯಾವ ಬೀದಿಯಲ್ಲಿ ಹೋಗ್ತಿತ್ತು ಅನ್ನೋದು ಗೊತ್ತಿರೋರು ಈಗ ಅರವತ್ತು ದಾಟಿದ್ದಾರೆ. ಗೋಡೆಯನ್ನಾದರೂ ನಂಬಿ ಕೂರೋ ಹಾಗಿಲ್ಲ. ಸೂರಿಲ್ಲದ ಗೋಡೆಯ ತಲೆಗೆ ಮಳೆನೀರು ಇಳಿಯುತ್ತೆ, ಬುಡವನ್ನು ಹಿನ್ನೀರು ವರ್ಷಾ ನೆನೆಸಿ ಒಣಗಿಸುತ್ತೆ. ಬಿರುಕಲ್ಲಿ ಗಿಡ ಬೇರು ಬಿಡುತ್ತೆ. ಈಗಾಗಲೇ ಕೆಲವು ಭಾಗ ಕುಸಿದಿದೆ.

ಮುಂದಿನ ಸಲ ಹೋದಾಗ ದಯವಿಟ್ಟು ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಫೋಟೊ ತೆಗೆದಾದ ಮೇಲೆ ಸೀದಾ ಕಾರು ಹತ್ತೋ ಬದಲು, ದಡದ ಮೇಲಿನ ಹೊಸ ಊರುಗಳ ಕಡೆ ಒಂದು ಗಂಟೆ ನಡೆಯಿರಿ. ಯಾವುದಾದರೂ ಜಗಲಿ ಮೇಲೆ ಕೂತ ಅಜ್ಜಿಯನ್ನು "ನಿಮ್ಮ ಹಳೇ ಮನೆ ಎಲ್ಲಿತ್ತಮ್ಮ?" ಅಂತ ಕೇಳಿ, ಫೋನಿನಲ್ಲಿ ಒಂದು ಪಿನ್ ಹಾಕಿಕೊಳ್ಳಿ. ಐವತ್ತು ಜನ ಐವತ್ತು ಪಿನ್ ಹಾಕಿದರೆ ಒಂದು ಬೀದಿಯಾದರೂ ಸಿಗುತ್ತೆ.