ಗಾಳಿಗೆ ಅಡ್ಡ ನಿಂತ ಮರಗಳು

1950ರ ಜುಲೈ ತಿಂಗಳಲ್ಲಿ ಅಂದಿನ ಕೇಂದ್ರ ಸಚಿವ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ದೇಶದ ಹಬ್ಬವನ್ನಾಗಿ ಮಾಡಿದರು. ಅಂದಿನಿಂದ ಮಳೆಗಾಲದ ಮೊದಲಲ್ಲಿ ಸಸಿ ನೆಡುವ ಸಂಭ್ರಮ ನಮ್ಮಲ್ಲಿ ತಪ್ಪದೆ ನಡೆಯುತ್ತದೆ. ಆದರೆ ಚಿತ್ರದುರ್ಗ, ಚಳ್ಳಕೆರೆ, ಜಗಳೂರಿನ ಕಡೆಯವರಿಗೆ ಅದು ಆಷಾಢದ ಗಾಳಿಯ ಕಾಲವೂ ಹೌದು. ಬುಡ ಅಲುಗಿದ ಸಸಿ ಬೇರು ಹಿಡಿಯದೆ ಒಣಗುವುದನ್ನು ಅವರು ಕಂಡೇ ಇದ್ದಾರೆ. ನೆಟ್ಟವರ ಭಾವಚಿತ್ರ ಉಳಿಯುತ್ತದೆ, ಸಸಿಯ ಯೋಗಕ್ಷೇಮವನ್ನು ಕೇಳುವವರು ಕಡಮೆ. ಗಾಳಿಯೂ ಬರವೂ ಕೂಡಿದ ನಾಡಿನಲ್ಲಿ ಮರವನ್ನು ನೆಡುವುದಕ್ಕಿಂತ ಸಾಕುವುದು ಕಷ್ಟ. ಯಾವ ಮರವನ್ನು ಯಾವಾಗ ತೆಗೆಯಬೇಕೆಂದು ತಿಳಿಯುವುದು ಅದಕ್ಕಿಂತಲೂ ಕಷ್ಟ. ಇದನ್ನು ಬಹಳ ಬೆಲೆ ತೆತ್ತು ಕಲಿತ ಸೀಮೆಯೊಂದರ ಕಥೆ ಇದು. ಆ ಸೀಮೆ ಅಮೆರಿಕದ ಸಂಯುಕ್ತ ಸಂಸ್ಥಾನದ ನಟ್ಟನಡುವಿನ ಮಹಾ ಬಯಲು.

ಉತ್ತರದ ಡಕೋಟದಿಂದ ದಕ್ಷಿಣದ ಟೆಕ್ಸಾಸಿನವರೆಗೆ ಹಬ್ಬಿದ ಈ ಬಯಲು ಮೊದಲು ಹುಲ್ಲಿನ ನಾಡು. ಕಾಡೆಮ್ಮೆಯನ್ನು ಹೋಲುವ ಬೈಸನ್ ಹಿಂಡುಗಳು ಅಲ್ಲಿ ಮೇಯುತ್ತಿದ್ದವು. ಸಿಡಿಲಿನಿಂದ ಎದ್ದ ಬೆಂಕಿಯೂ ಮೂಲನಿವಾಸಿಗಳು ಹಚ್ಚಿದ ಬೆಂಕಿಯೂ ಆಗಾಗ ಬಯಲನ್ನು ಸವರಿಕೊಂಡು ಹೋಗುತ್ತಿದ್ದವು. ಹುಲ್ಲು ಮತ್ತೆ ಚಿಗುರುತ್ತಿತ್ತು, ಮರ ಮಾತ್ರ ಹೊಳೆಯ ದಂಡೆಯನ್ನೂ ಕಣಿವೆಗಳನ್ನೂ ಬಿಟ್ಟು ಮೇಲೇಳುತ್ತಿರಲಿಲ್ಲ. ಈ ಬೆಂಕಿಯ ಮಾತನ್ನು ನೆನಪಿನಲ್ಲಿಡಿ, ಕಡೆಗೆ ಅದು ಬೇಕಾಗುತ್ತದೆ.

1862ರ ಕಾನೂನಿನಂತೆ ಅಲ್ಲಿ ನೆಲೆಸಿದವರಿಗೆ 160 ಎಕರೆ ಭೂಮಿ ದೊರೆಯಿತು. ಮರವಿಲ್ಲದ ನಾಡು ಅವರಿಗೆ ಬಿಕೋ ಎಂದಿತು. 1872ರಲ್ಲಿ ನೆಬ್ರಾಸ್ಕದ ಜೆ. ಸ್ಟರ್ಲಿಂಗ್ ಮಾರ್ಟನ್ ಅವರು ವೃಕ್ಷದಿನವನ್ನು ಆರಂಭಿಸಿದರು. ಮರುವರ್ಷ ಸರ್ಕಾರ ಇನ್ನೊಂದು ಕಾನೂನು ಮಾಡಿತು: 40 ಎಕರೆಯಲ್ಲಿ ಮರ ಬೆಳೆಸಿದವನಿಗೆ 160 ಎಕರೆ ಭೂಮಿ. ಮರ ಬೆಳೆದರೆ ಮಳೆ ತಾನಾಗಿ ಬರುವುದೆಂದು ಆಗ ಅನೇಕರು ನಂಬಿದ್ದರು. ಮಳೆ ಬರಲಿಲ್ಲ. 40 ಎಕರೆಯನ್ನು 10ಕ್ಕೆ ಇಳಿಸಿದರೂ ಗಿಡಗಳು ಒಣಗಿದವು, ಸುಳ್ಳು ಲೆಕ್ಕ ತೋರಿಸಿ ಭೂಮಿ ಹೊಡೆದವರೇ ಹೆಚ್ಚಾದರು. 1891ರಲ್ಲಿ ಕಾನೂನೇ ರದ್ದಾಯಿತು. ಕಾಗದದ ಮೇಲಿನ ಗಿಡಕ್ಕೆ ಬರದ ಭಯವಿಲ್ಲ ನೋಡಿ; ಅದು ಯಾವ ದೇಶದಲ್ಲಾದರೂ ಚೆನ್ನಾಗಿ ಬೆಳೆಯುತ್ತದೆ.

ಮುಂದೆ ಟ್ರ್ಯಾಕ್ಟರು ಬಂತು, ಹುಲ್ಲಿನ ಹೊದಿಕೆ ಕಿತ್ತುಹೋಯಿತು. 1930ರ ದಶಕದ ಬರದಲ್ಲಿ ಮಣ್ಣೇ ಎದ್ದು ನಡೆಯಿತು. 1934ರ ಮೇ ತಿಂಗಳಲ್ಲಿ ಆ ಬಯಲಿನ ಧೂಳು ಸಾವಿರಾರು ಮೈಲಿ ಹಾರಿ ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳ ಮೇಲೆ ಕವಿಯಿತು. ಅದೇ ಜುಲೈಯಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಗಾಳಿತಡೆ ಮರಸಾಲುಗಳ ಯೋಜನೆಗೆ ಆಜ್ಞೆ ಹೊರಡಿಸಿದರು. ಮರಗಳ ಗೋಡೆ ಕಟ್ಟಲು ಹೊರಟಿದ್ದಾರೆಂದು ಕೆಲವರು ನಕ್ಕರು. ಅರಣ್ಯಶಾಸ್ತ್ರಜ್ಞರಲ್ಲಿಯೂ ಸಂಶಯಪಟ್ಟವರಿದ್ದರು. ಆದರೂ 1935ರ ಮಾರ್ಚ್ 18ರಂದು ಓಕ್ಲಹೋಮದ ರೈತನೊಬ್ಬನ ಹೊಲದಲ್ಲಿ ಮೊದಲ ಗಿಡ ನಿಂತಿತು.

ಈ ಸಾಲಿನ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಡುವೆ ಕಾಟನ್‌ವುಡ್, ಎಲ್ಮ್ ಮುಂತಾದ ಎತ್ತರದ ಮರಗಳು, ಅವುಗಳ ಮಗ್ಗುಲಿಗೆ ಅದಕ್ಕಿಂತ ಗಿಡ್ಡ ಜಾತಿಗಳು, ಅಂಚಿನಲ್ಲಿ ಪೊದೆಗಳು. ಒಟ್ಟಿನಲ್ಲಿ ಹಂಚಿನ ಮನೆಯ ಮಾಡಿನ ಆಕಾರ. ಅದು ಗೋಡೆಯಂತೆ ಒತ್ತಾಗಿರಲೂ ಕೂಡದು. ಗೋಡೆಗೆ ಬಡಿದ ಗಾಳಿ ಮೇಲೇರಿ ಆಚೆ ಬದಿಗೆ ಧುಮುಕಿ ಸುಳಿಯಾಗುತ್ತದೆ. ಸ್ವಲ್ಪ ಗಾಳಿಯನ್ನು ಎಲೆಗಳ ನಡುವೆ ಸೋಸಿ ಬಿಡುವ ಸಾಲಿನ ಹಿಂದೆ, ಮರದ ಎತ್ತರದ ಹತ್ತು ಹದಿನೈದು ಪಟ್ಟು ದೂರದವರೆಗೆ ಗಾಳಿಯ ರಭಸ ಚೆನ್ನಾಗಿ ತಗ್ಗುತ್ತದೆ. ಆದ್ದರಿಂದ ಇಲ್ಲಿ ಕೊಂಬೆ ಸವರುವುದಕ್ಕೂ ಬೇರೆಯದೇ ನ್ಯಾಯ. ನೆರಳಿನ ಮರದ ಕೆಳಗೊಂಬೆಗಳನ್ನು ತೆಗೆದರೆ ಅಂದ. ಗಾಳಿತಡೆಯ ಕೆಳಗೊಂಬೆಗಳನ್ನು ತೆಗೆದರೆ ಬಾಗಿಲು ತೆರೆದಿಟ್ಟಂತೆ, ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ದನ ನುಗ್ಗಿ ಮೇದರೂ ಅದೇ ಗತಿ.

ಸರ್ಕಾರ ಸಸಿಯನ್ನೂ ನೆಡುವ ಆಳುಗಳನ್ನೂ ಒದಗಿಸಿತು. ಕೆಲಸವಿಲ್ಲದೆ ಕುಳಿತಿದ್ದ ಎಷ್ಟೋ ಜನಕ್ಕೆ ಇದರಿಂದ ಕೂಲಿ ಸಿಕ್ಕಿತು. ಬೇಲಿ ಹಾಕುವುದು, ಸಾಲುಗಳ ನಡುವೆ ಕುಂಟೆ ಹೊಡೆದು ಕಳೆ ತೆಗೆಯುವುದು ರೈತನ ಪಾಲು. ಹಿಂದಿನ ಕಾನೂನು ಎಡವಿದ್ದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ವರ್ಷಕ್ಕೆ ಸುಮಾರು 20 ಅಂಗುಲ ಮಳೆಯ ನೆಲದಲ್ಲಿ ಹುಲ್ಲು ಕುಡಿದ ನೀರು ಗಿಡಕ್ಕೆ ದಕ್ಕುವುದಿಲ್ಲ. ನೆಟ್ಟ ಮೊದಲ ಕೆಲವು ವರ್ಷ ಕುಂಟೆಯೇ ಗಿಡದ ತಾಯಿ. 1942ರ ಹೊತ್ತಿಗೆ ಆರು ರಾಜ್ಯಗಳ ಸುಮಾರು 30,000 ಹೊಲಗಳಲ್ಲಿ 18,000 ಮೈಲಿಗೂ ಮೀರಿ ಸಾಲುಗಳು ಎದ್ದಿದ್ದವು. ನೆಟ್ಟ ಮರಗಳ ಸಂಖ್ಯೆ ಸುಮಾರು 22 ಕೋಟಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಶುಭಂ ಎನ್ನಬಹುದಾಗಿತ್ತು. ಯುದ್ಧ ಬಂತು, ಯೋಜನೆ ಬೇರೆ ಇಲಾಖೆಗೆ ಹೋಯಿತು. 1952ರಲ್ಲಿ ಫ್ರಾಂಕ್ ಜೈಬಾಕ್ ಎಂಬ ರೈತ ಹೊಸ ನೀರಾವರಿ ಯಂತ್ರವೊಂದಕ್ಕೆ ಪೇಟೆಂಟ್ ಪಡೆದ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗುವಂತೆ, ಹೊಲದ ನಡುವಿನ ಬಿಂದುವಿನ ಸುತ್ತ ಗಾಲಿಗಳ ಮೇಲೆ ಉದ್ದನೆಯ ಕೊಳವೆ ತಿರುಗುತ್ತ ನೀರು ಚಿಮುಕಿಸುತ್ತದೆ. ಕೊಳವೆಯ ದಾರಿಗೆ ಮರ ಅಡ್ಡವಾಯಿತು. ತಂದೆ ಕುಂಟೆ ಹೊಡೆದು ಸಾಕಿದ ಸಾಲನ್ನು ಮಗ ಬುಲ್‌ಡೋಜರಿನಿಂದ ಕೀಳಿಸಿದ. ಅವನನ್ನು ಸುಮ್ಮನೆ ಬೈಯುವಂತಿಲ್ಲ. ಸಾಲು ಹಲವು ಎಕರೆ ನೆಲವನ್ನು ಹಿಡಿದಿತ್ತು, ಧೂಳಿನ ದಿನಗಳನ್ನು ಅವನು ಕಂಡಿರಲಿಲ್ಲ. 1975ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಈ ಕಡಿತವನ್ನು ತಡೆಯಲು ಕ್ರಮ ಬೇಕೆಂದು ವರದಿಯನ್ನೇ ಬರೆಯಬೇಕಾಯಿತು.

ಇನ್ನೊಂದು ವಿಚಿತ್ರವಿದೆ. ಬರಕ್ಕೂ ಗಾಳಿಗೂ ಜಗ್ಗದೆಂದು ಮೆಚ್ಚಿ ನೆಟ್ಟ ಜಾತಿಗಳಲ್ಲಿ ಕೆಂಪು ಸೀಡರ್ ಒಂದು. ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ದೂರ ದೂರ ಬಿತ್ತಿದವು. ಹಿಂದಾಗಿದ್ದರೆ ಬೆಂಕಿ ಆ ಮೊಳಕೆಯನ್ನು ಸುಡುತ್ತಿತ್ತು. ಬೆಂಕಿಯನ್ನು ಜನ ನಿಲ್ಲಿಸಿದ್ದರು. ಸೀಡರ್ ಹುಲ್ಲುಗಾವಲನ್ನೇ ನುಂಗತೊಡಗಿತು. ಇಂದು ಓಕ್ಲಹೋಮ, ನೆಬ್ರಾಸ್ಕಗಳಲ್ಲಿ ದನಗಾರರು ಒಂದು ಕಡೆ ಗರಗಸದಿಂದ ಅದನ್ನು ಕೊಯ್ಯುತ್ತಾರೆ, ಇನ್ನೊಂದು ಕಡೆ ಗಾಳಿ ನೋಡಿ, ನೆರೆಹೊರೆಯವರನ್ನು ಕರೆದು, ತಾವೇ ಹುಲ್ಲಿಗೆ ಬೆಂಕಿ ಇಡುತ್ತಾರೆ. ಬಳ್ಳಾರಿ ಜಾಲಿಯ ಮುಳ್ಳಿನ ಪರಿಚಯವಿರುವ ನಮಗೆ ಈ ಮಾತು ಅರ್ಥವಾಗದಿರದು.

ಉಳಿದ ಹಳೆಯ ಸಾಲುಗಳಿಗೂ ಮುಪ್ಪು ಬಂದಿದೆ. ಎಲ್ಮ್ ಬೇಗ ಬೆಳೆದಂತೆ ಬೇಗ ಸೊರಗುವ ಮರ. ಮರದ ಕೆಲಸ ಬಲ್ಲವರು ಇಂಥ ಸಾಲನ್ನು ಒಮ್ಮೆಗೇ ನೆಲಸಮ ಮಾಡುವುದಿಲ್ಲ. ಸತ್ತ ಮತ್ತು ರೋಗ ಹಿಡಿದ ಮರಗಳನ್ನು ಆರಿಸಿ ತೆಗೆಯುತ್ತಾರೆ, ಬುಡದಿಂದ ಚಿಗುರುವ ಜಾತಿಯಾದರೆ ಮೋಟು ಉಳಿಸುತ್ತಾರೆ. ಪೂರ್ತಿ ಹೋಗಬೇಕಾದ ಸಾಲುಗಳನ್ನೂ ಒಂದೆರಡಾಗಿ ತೆಗೆದು, ಖಾಲಿಯಾದ ಜಾಗದಲ್ಲಿ ಹೊಸ ಗಿಡ ನೆಡುತ್ತಾರೆ. ಅದು ಎತ್ತರಕ್ಕೆ ಬರುವವರೆಗೆ ಮುದಿ ಮರಗಳೇ ಗಾಳಿಗೆ ಅಡ್ಡವಾಗಿ ನಿಂತಿರುತ್ತವೆ.